ಯಾವ ಬಾನುಲಿಗೆ ಚರಿತ್ರೆಯಲ್ಲಿ ಜಾಗ?

ಮಾಧವರಂ ಮಿಲ್ಕ್ ಕಾಲೋನಿ ಕಡೆಯ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಅಣ್ಣನ ಮಗ ಮಹಡಿಯ ಕೋಣೆಯಲ್ಲಿ ಕೂತು ಅಂತರ್ಜಾಲದಲ್ಲಿ ಕನ್ನಡ ರೇಡಿಯೋ ನಡೆಸುತ್ತಾನಂತೆ. ಮುಂದೊಮ್ಮೆ ಕನ್ನಡ ಬಾನುಲಿಯ ಚರಿತ್ರೆ ಬರೆಯುವವರು ಇಂಥದ್ದಕ್ಕೂ ಒಂದು ಸಾಲು ಕೊಡುತ್ತಾರೆಯೇ, ಕೊಡಬೇಕಾದರೆ ಅದರಲ್ಲಿ ಏನಿರಬೇಕು ಎಂಬುದು ಅವರ ಪ್ರಶ್ನೆ.

ಉತ್ತರಕ್ಕೆ ದೂರ ಹೋಗಬೇಕಿಲ್ಲ, ಅವರ ಊರಿನಿಂದಲೇ ಶುರು ಮಾಡೋಣ. 1924ರ ಮೇ ತಿಂಗಳಲ್ಲಿ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಮತ್ತು ಅವರ ಜೊತೆಗಾರರು ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಕಟ್ಟಿದರು. ಜುಲೈ 31ರಂದು ಪ್ರಸಾರ ಆರಂಭವಾಯಿತು. ಟ್ರಾನ್ಸ್‌ಮಿಟರಿನ ಶಕ್ತಿ 40 ವ್ಯಾಟ್, ನಮ್ಮ ಹಳೇ ಕಾಲದ ಬಲ್ಬಿನಷ್ಟು! ಮುಂಬೈಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ನಿಲಯ ತೆರೆದದ್ದು ಮೂರು ವರ್ಷದ ಮೇಲೆ, 1927ರ ಜುಲೈನಲ್ಲಿ. ಆ ವರ್ಷದ ಅಕ್ಟೋಬರಿಗೆ ಮದರಾಸಿನ ಕ್ಲಬ್ಬು ಹಣವಿಲ್ಲದೆ ಬಾಗಿಲು ಹಾಕಿತು. ಆದರೆ ಅದರ ಟ್ರಾನ್ಸ್‌ಮಿಟರ್ ಕಾರ್ಪೊರೇಷನ್ನಿನ ಕೈಸೇರಿ, 1930ರಿಂದ ನಗರಸಭೆಯೇ ಪ್ರಸಾರ ನಡೆಸಿತು. ಮರೀನಾದಲ್ಲೂ ಪಾರ್ಕುಗಳಲ್ಲೂ ಧ್ವನಿವರ್ಧಕ ಕಟ್ಟಿ ಜನರಿಗೆ ಸಂಗೀತ ಕೇಳಿಸಿತು. 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೋದ ಮದರಾಸು ನಿಲಯ ಶುರುವಾಗುವ ತನಕ ಊರಿಗೆ ಇದೇ ರೇಡಿಯೋ. ಕ್ಲಬ್ಬು ಬಾಳಿದ್ದು ಮೂರು ವರ್ಷ ಚಿಲ್ಲರೆ. ಎಷ್ಟು ದಿನ ನಡೆಯಿತು ಎಂಬ ಅಳತೆಗೋಲು ಇಲ್ಲಿಗೇ ಮುರಿಯಿತು.

ಇನ್ನು ನಮ್ಮ ಮೈಸೂರು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 30 ವ್ಯಾಟಿನ ಪುಟ್ಟ ಯಂತ್ರ, ಕೈಯಿಂದ ಹಾಕಿದ ದುಡ್ಡು. ಈಗಿನ ಮಾತಿನಲ್ಲಿ ಹೇಳುವುದಾದರೆ ಅದೂ ಮಹಡಿ ಕೋಣೆಯ ರೇಡಿಯೋನೇ. 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಬಂತು. ಆ ಮನೆಯಲ್ಲಿ ಮೊಳಗಿದ 'ಆಕಾಶವಾಣಿ' ಎಂಬ ಹೆಸರನ್ನು ಇಡೀ ದೇಶದ ಬಾನುಲಿ 1950ರ ದಶಕದಲ್ಲಿ ತನ್ನದಾಗಿಸಿಕೊಂಡಿತು. 2023ರ ಮೇನಲ್ಲಂತೂ ಪ್ರಸಾರ ಭಾರತಿ 'ಆಲ್ ಇಂಡಿಯಾ ರೇಡಿಯೋ' ಎನ್ನುವುದನ್ನೇ ಬಿಟ್ಟು ಎಲ್ಲೆಡೆ ಆಕಾಶವಾಣಿ ಎಂದೇ ಹೇಳುವಂತೆ ಮಾಡಿತು. ಯಂತ್ರ ಎಷ್ಟು ಚಿಕ್ಕದಾಗಿದ್ದರೂ ಬೇರೆಯವರು ಅದರಿಂದ ಏನು ತೆಗೆದುಕೊಂಡರು ಎಂಬುದನ್ನು ನೋಡಬೇಕು.

'ಮೊಟ್ಟಮೊದಲ' ಎಂಬ ಪಟ್ಟವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಮೆರಿಕದ ಕಾರ್ಲ್ ಮಲಮಡ್ 1993ರಲ್ಲಿ 'ಇಂಟರ್‌ನೆಟ್ ಟಾಕ್ ರೇಡಿಯೋ' ನಡೆಸಿದರು, ಆದರೆ ಅದು ಫೈಲು ಇಳಿಸಿಕೊಂಡು ಕೇಳುವ ಕಾರ್ಯಕ್ರಮ. ಚಾಪೆಲ್ ಹಿಲ್‌ನ ವಿದ್ಯಾರ್ಥಿಗಳ ನಿಲಯ ಡಬ್ಲ್ಯು.ಎಕ್ಸ್.ವೈ.ಸಿ. 1994ರ ನವೆಂಬರ್ 7ರಂದು ತನ್ನ ಎಫ್.ಎಂ. ಪ್ರಸಾರವನ್ನು ನೇರವಾಗಿ ಜಾಲಕ್ಕೆ ಹರಿಸಿತು. ಯಾರು ಮೊದಲು? ರೇಡಿಯೋ ಎಂದರೆ ಏನೆಂದು ನೀವು ಹೇಳುವುದರ ಮೇಲೆ ಹೋಗುತ್ತದೆ. ಕನ್ನಡದಲ್ಲೂ ರೇಡಿಯೋ ಗಿರ್ಮಿಟ್, ನಮ್ ರೇಡಿಯೋ ಮುಂತಾದವು ಬಂದ ಮೇಲೆ ಈ ಪಟ್ಟಕ್ಕೆ ಒಬ್ಬರಿಗಿಂತ ಹೆಚ್ಚು ಹಕ್ಕುದಾರರು. (ಗಿರ್ಮಿಟ್ ಎಂಬ ಹೆಸರಿಗೇ ನನ್ನ ಒಂದು ಮತ, ಹುಬ್ಬಳ್ಳಿಯ ಸಂಜೆ ನೆನಪಾಗುತ್ತದೆ.)

ಹಾಗಾದರೆ ಕೇಳುಗರ ಲೆಕ್ಕ? ಎಫ್.ಎಂ.ನಲ್ಲಿ ಮೈಕಿನ ಮುಂದೆ ಕೂತ ನಮಗೆ ಅತ್ತ ಎಷ್ಟು ಕಿವಿಗಳಿವೆ ಎಂದು ಗೊತ್ತೇ ಆಗುವುದಿಲ್ಲ. ಅಂತರ್ಜಾಲದಲ್ಲಿ ಸರ್ವರ್ ಲೆಕ್ಕ ಹೇಳುತ್ತದೆ, ಆದರೆ ಅದು ಎಣಿಸುವುದು ಸಂಪರ್ಕಗಳನ್ನು. ಟೀ ಅಂಗಡಿಯ ಒಂದು ಫೋನಿನಲ್ಲಿ ಹತ್ತು ಜನ ಕೇಳಿದರೂ ಒಂದೇ, ಫೋನು ಹಾಕಿಟ್ಟು ನಿದ್ದೆ ಹೋದವರದ್ದೂ ಒಂದೇ. ಇನ್ನೊಂದು ವಿಷಯವಿದೆ. ಟ್ರಾನ್ಸ್‌ಮಿಟರಿಗೆ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಕರೆಂಟು ಖರ್ಚು ಅಷ್ಟೇ. ಜಾಲದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಹೋಗಬೇಕು. 64 ಕೆ.ಬಿ.ಪಿ.ಎಸ್. ವೇಗದಲ್ಲಿ ಒಬ್ಬರಿಗೆ ಒಂದು ಗಂಟೆಗೆ ಸುಮಾರು 29 ಎಂ.ಬಿ., ನೂರು ಜನಕ್ಕೆ ಹತ್ತಿರ ಹತ್ತಿರ 3 ಜಿ.ಬಿ. ಕೇಳುಗರು ಹೆಚ್ಚಿದಷ್ಟೂ ಆ ಮಹಡಿ ಕೋಣೆಯ ಹುಡುಗನ ಜೇಬು ಹಗುರ. ದೊಡ್ಡ ಸಂಖ್ಯೆಯ ಹಿಂದೆ ಕೆಲವೊಮ್ಮೆ ಇರುವುದು ದೊಡ್ಡ ಬಂಡವಾಳ ಮಾತ್ರ.

ಪರವಾನಗಿ ಇದ್ದರೆ ಮಾತ್ರ ಬಾನುಲಿ ಎನ್ನುವವರೂ ಇದ್ದಾರೆ. ಅವರಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ತೋರಿಸುತ್ತೇನೆ. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಸಮುದಾಯ ಬಾನುಲಿಗೆ ಅವಕಾಶ ಸಿಕ್ಕಿದ್ದು ಮೊದಲು ವಿದ್ಯಾಸಂಸ್ಥೆಗಳಿಗೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್.ಎಂ. 2004ರ ಫೆಬ್ರವರಿ 1ರಂದು ಶುರುವಾದದ್ದು ಹಾಗೆ. ಹಳ್ಳಿಯ ಸಂಘಗಳು 2006ರ ಕೊನೆಯವರೆಗೆ ಕಾಯಬೇಕಾಯಿತು. ಬೂದಿಕೋಟೆಯ 'ನಮ್ಮ ಧ್ವನಿ' ಕಾಯಲಿಲ್ಲ. ಟಿ.ವಿ. ಕೇಬಲ್ಲಿನ ತಂತಿಯಲ್ಲೇ ಊರಿನವರ ದನಿಯನ್ನು ಮನೆಮನೆಗೆ ಕಳಿಸಿತು. ಗಾಳಿಯೇ ಇಲ್ಲದ ಆ ಬಾನುಲಿಯನ್ನು ಬಿಟ್ಟು ಯಾರೂ ಭಾರತದ ಸಮುದಾಯ ರೇಡಿಯೋದ ಕಥೆ ಹೇಳಲಾರರು.

ನನ್ನ ಪರೀಕ್ಷೆ ಒಂದೇ: ಈ ಸ್ಟೇಷನ್ ನಾಳೆ ನಿಂತರೆ ಬೇರೆಲ್ಲೂ ಸಿಗದ ಯಾವ ದನಿ ನಿಲ್ಲುತ್ತದೆ? ದಿನವಿಡೀ ಕಂಪ್ಯೂಟರೇ ಸಿನಿಮಾ ಹಾಡು ಸುತ್ತಿಸುತ್ತಿದ್ದರೆ ಉತ್ತರ ಸೊನ್ನೆ. ನಿಲ್ಲುವುದೇನು ಅಪರೂಪವಲ್ಲ. ಸಾವಿರಾರು ಪುಟ್ಟ ಸ್ಟೇಷನ್‌ಗಳಿಗೆ ಆಸರೆಯಾಗಿದ್ದ ಅಮೆರಿಕದ ಲೈವ್365, ಹಾಡುಗಳ ರಾಯಧನದ ಹೊಸ ದರ ಬಂದ ಮೇಲೆ 2016ರ ಜನವರಿ ಕೊನೆಗೆ ಮುಚ್ಚಿತು. ಮರುವರ್ಷ ಹೊಸ ಮಾಲೀಕರ ಕೈಯಲ್ಲಿ ಎದ್ದು ಬಂದರೂ ಹಳೆಯ ಎಷ್ಟೋ ಸ್ಟೇಷನ್‌ಗಳು ಮರಳಲಿಲ್ಲ.

ಚೆನ್ನೈನಲ್ಲಿ ಕೂತ ಕನ್ನಡ ರೇಡಿಯೋಗೆ ಬೇರೆಲ್ಲೂ ಸಿಗದ ದನಿಗೇನು ಕೊರತೆ? ರಾಜ್‌ಕುಮಾರರು ನಾಯಕರಾದ 'ಬೇಡರ ಕಣ್ಣಪ್ಪ' 1954ರಲ್ಲಿ ತಯಾರಾದದ್ದು ಈ ಊರಿನ ಎ.ವಿ.ಎಂ. ನಂಟಿನಲ್ಲಿ. ಅವರ ಹಾಡಿನ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ 2013ರಲ್ಲಿ ತೀರಿಕೊಂಡದ್ದೂ ಇಲ್ಲೇ. ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳಿಗೆ ಲೈಟು ಹಿಡಿದವರು, ಪಿಟೀಲು ನುಡಿಸಿದವರು, ಸಂಭಾಷಣೆ ನಕಲು ಮಾಡಿಕೊಟ್ಟವರು ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಅವರ ಮನೆಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡಿಸಿ, ಹೆಸರು, ದಿನಾಂಕ ಬರೆದು, ಎರಡು ಕಡೆ ಪ್ರತಿ ಇಡಬೇಕು. ಇದಕ್ಕೆ 40 ವ್ಯಾಟೂ ಬೇಡ. ಒಂದು ಫೋನು, ಒಂದಿಷ್ಟು ಭಾನುವಾರಗಳು ಸಾಕು.