ಐದು ಮಿನಿಟಿನ ಬಿಡುವು

“ಫ್ರೀ ಇದ್ದೀರೇನು? ಐದು ಮಿನಿಟು ಮಾತಾಡೂಣು” ಎಂದು ನೆರೆಮನೆಯವರು ಬಾಗಿಲಲ್ಲಿ ನಿಂತು ಕೇಳಿದರೆ, ಅದರಲ್ಲಿ ಇಂಗ್ಲಿಷು ಬೆರೆತಿದೆಯೆಂದು ತಮಗೆ ಅನಿಸುವದೇ ಇಲ್ಲ. ಶಾಲೆಯ ಹುಡುಗನಿಗೆ ಇಂಟರ್ವಲ್, ಕಚೇರಿಯ ಕಾರಕೂನನಿಗೆ ಬ್ರೇಕ್, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತವರಿಗೆ ಟೈಮ್‌ಪಾಸ್. ಚಿಕ್ಕ ಬಿಡುವಿನ ಮಾತುಗಳೆಲ್ಲ ಹೀಗೆ ಹೊರಗಿನಿಂದ ಬಂದು ನಮ್ಮ ಮನೆಯವೇ ಆಗಿವೆ.

ಇದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಅಪ್ಪಟ ಕನ್ನಡವೆಂದು ನಾವು ಬಗೆದ ‘ಪುರುಸೊತ್ತು’ ಮೂಲತಃ ಅರಬ್ಬಿಯ ಮಾತು. ಪಾರಸಿ, ಹಿಂದುಸ್ತಾನಿಗಳ ದಾರಿ ಹಿಡಿದು ನಮ್ಮಲ್ಲಿಗೆ ಬಂದಿತು. ನಮ್ಮ ಕಡೆಯ ‘ಸೂಟಿ’ ಮರಾಠಿಯ ನಂಟು. ಕನ್ನಡದ್ದೇ ಆದ ಮಾತು ‘ಬಿಡುವು’. ಹಿಡಿದ ಕೆಲಸವನ್ನು ಕೈ ಬಿಟ್ಟಾಗ ಸಿಗುವಂಥದು ಅದು.

ಮಾತಿಗಿಂತ ಹೆಚ್ಚಾಗಿ ಬದಲಾದದ್ದು ಕಾಲದ ಅಳತೆ. ಹಿಂದೆ ತಳದಲ್ಲಿ ತೂತಿದ್ದ ಬಟ್ಟಲನ್ನು ನೀರಿನಲ್ಲಿ ತೇಲಬಿಟ್ಟು, ಅದು ಮುಳುಗುವ ಹೊತ್ತನ್ನು ಒಂದು ಗಳಿಗೆ ಎನ್ನುತ್ತಿದ್ದರು. ಗಳಿಗೆ ಎಂದರೆ 24 ಮಿನಿಟು; ಹಗಲಿರುಳು ಕೂಡಿ 60 ಗಳಿಗೆ. ‘ನಿಮಿಷ’ ಎಂದರೆ ಆಗ ಬರಿಯ ಕಣ್ಣೆವೆ ಇಕ್ಕುವಷ್ಟು ಹೊತ್ತು. 1884ರ ಸುಮಾರಿಗೆ ಹೊಟಗಿಯಿಂದ ಗದುಗಿಗೆ ಇಂಡಿ, ವಿಜಯಪುರಗಳ ಮೇಲೆ ರೈಲು ಓಡತೊಡಗಿತು. ರೈಲಿನ ವೇಳೆ, ಶಾಲೆಯ ಗಂಟೆ, ಕಚೇರಿಯ ಗಡಿಯಾರ ಇವು ಕೂಡಿ ನಮ್ಮ ಹೊತ್ತನ್ನು ಮಿನಿಟುಗಳಾಗಿ ಹೋಳು ಮಾಡಿದವು.

ಆದರೆ ಅದೇ ಸೀಮೆಯ ಹಲಸಂಗಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ಎದ್ದು ಜೋಳ ಬೀಸುವ ಹೆಣ್ಣುಮಗಳಿಗೆ ಇಂಟರ್ವಲ್ ಎಲ್ಲಿಯದು? ಅವಳು ಬಿಡುವಿಗಾಗಿ ಕಾಯಲಿಲ್ಲ. ಕೈ ಬೀಸುಗಲ್ಲಿನ ಗೂಟ ತಿರುಗಿಸುತ್ತಿರಲು ಬಾಯಿ ಹಾಡುತ್ತಿತ್ತು. ತವರಿನ ನೆನಪು, ಅಣ್ಣನ ದಾರಿ ನೋಡುವಿಕೆ, ತೊಟ್ಟಿಲ ಕೂಸಿನ ನಗೆ ಎಲ್ಲವೂ ಮೂರು ಸಾಲಿನ ತ್ರಿಪದಿಯಲ್ಲಿ ಅಡಕವಾದವು. ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ (1905–1993), ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಹಲಸಂಗಿಯ ಗೆಳೆಯರು ಇಂಥ ಹಾಡುಗಳ ಬೆಲೆಯನ್ನರಿತು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು.

ಅವರು ಬರೆದಿಟ್ಟದ್ದು ಒಳ್ಳೆಯದೇ ಆಯಿತು. ಮುಂದೆ ಊರೂರಿಗೆ ಹಿಟ್ಟಿನ ಗಿರಣಿ ಬಂದಿತು. ಬೀಸುಗಲ್ಲು ಮೂಲೆ ಸೇರಿತು. ಹೆಣ್ಣುಮಕ್ಕಳ ತೋಳಿನ ನೋವು ತಪ್ಪಿದ್ದು ಸಣ್ಣ ಲಾಭವೇನಲ್ಲ. ಆದರೆ ಕೆಲಸದೊಡನೆ ಹಾಡಿಗಿದ್ದ ಜಾಗವೂ ಹೋಯಿತು. ಗಿರಣಿ ಉಳಿಸಿಕೊಟ್ಟ ಆ ಹೊತ್ತಿನಲ್ಲಿ ಹಾಡು ತಾನಾಗಿಯೇ ಹುಟ್ಟಲಿಲ್ಲ.

ಆದ್ದರಿಂದ ವಾಚಕರೇ, ಐದು ಮಿನಿಟು ಎನ್ನಿರಿ, ಪುರುಸೊತ್ತು ಎನ್ನಿರಿ, ಹೆಸರಿಗಾಗಿ ಜಗಳ ಬೇಡ. ಆದರೆ ಟೈಮ್‌ಪಾಸ್ ಎಂಬ ಮಾತಿನಲ್ಲಿ ಹೊತ್ತನ್ನು ಹೇಗಾದರೂ ಸಾಗಹಾಕುವ ಭಾವವಿದೆ; ಅದೊಂದರ ಬಗೆಗೆ ಎಚ್ಚರವಿರಲಿ. ತಮ್ಮ ಮನೆಯಲ್ಲಿ ಬೀಸುವ ಹಾಡು ಬಲ್ಲ ಅಜ್ಜಿಯೊಬ್ಬರಿದ್ದರೆ, ಇಂದಿನ ಬಿಡುವಿನಲ್ಲಿ ರೇಡಿಯೋದ ದನಿ ತುಸು ತಗ್ಗಿಸಿ ಅವರ ಹತ್ತಿರ ಕುಳಿತುಕೊಳ್ಳಿರಿ. ಒಂದು ತ್ರಿಪದಿಯನ್ನು ಬರೆದುಕೊಳ್ಳಲು ಐದು ಮಿನಿಟು ಧಾರಾಳ ಸಾಕು.