ಎಲೆಯ ಲೆಕ್ಕ

ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಮಗಳ ಮದುವೆಯನ್ನು ನಿಶ್ಚಯಿಸಿದ ಗೃಹಸ್ಥನನ್ನು ಊಟದ ಗುತ್ತಿಗೆದಾರನು ಇಂದು ಮೊದಲು ಕೇಳುವುದು ಎಷ್ಟು ಎಲೆ ಎಂದು. ಈ ನೆಲವು ನಗರದ ಹೊರಗಿನ ಹಳ್ಳಿಯಾಗಿದ್ದ ಕಾಲದಲ್ಲಿ ಅವನ ಅಜ್ಜನನ್ನು ನೆರೆಯವರು ಕೇಳುತ್ತಿದ್ದುದು ಎಷ್ಟು ಪಲ್ಲ ಅಕ್ಕಿ ಎಂದು. ವೆಚ್ಚವನ್ನು ಅಳೆಯುವ ಮಾನವು ಬದಲಾದಂತೆ, ಪಂಕ್ತಿಗಳೆಲ್ಲ ಮುಗಿದ ಮೇಲೆ ಉಳಿದ ಅನ್ನದ ಒಡೆತನವೂ ಬದಲಾಯಿತು.

ಪಾಕವನ್ನು ನಮ್ಮ ಪೂರ್ವಿಕರು ಶಾಸ್ತ್ರವೆಂದೇ ಎಣಿಸಿದ್ದರು. 1025ರ ಸುಮಾರಿನಲ್ಲಿ ಚಾವುಂಡರಾಯನು 'ಲೋಕೋಪಕಾರ'ದಲ್ಲಿ ಅದಕ್ಕೆ ಸ್ಥಳ ಕೊಟ್ಟನು, ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ರಚಿಸಿದನು. ಹಳ್ಳಿಯ ಮದುವೆಯ ಅಡುಗೆಗಾದರೋ ಶಾಸ್ತ್ರಕ್ಕಿಂತ ನೆರೆಹೊರೆಯೇ ಆಧಾರವಾಗಿದ್ದಿತು. ಚಪ್ಪರದ ದಿನಕ್ಕೆ ಮೊದಲೇ ಹೆಂಗಸರು ಕೂಡಿ ಅಕ್ಕಿ ಆರಿಸುವುದು, ಹಪ್ಪಳ ಒತ್ತುವುದು, ಮುತ್ತುಗದ ಎಲೆ ಹಚ್ಚುವುದು, ಗಂಡಸರು ಸೌದೆ ಸೀಳಿ ದೇವಸ್ಥಾನದ ಕೊಪ್ಪರಿಗೆಗಳನ್ನು ಹೊತ್ತು ತರುವುದು, ಇವೆಲ್ಲ ಕೂಲಿಯಿಲ್ಲದೆ ನಡೆಯುತ್ತಿದ್ದುವು. ಕೂಲಿಯಿಲ್ಲದೆ ಎಂದೆನಾದರೂ ಋಣವಿಲ್ಲದೆ ಎಂದಲ್ಲ; ಬಂದವರು ಒಪ್ಪಿಸಿದ ಮುಯ್ಯಿಯನ್ನು ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯದಲ್ಲಿ ತಪ್ಪದೆ ತೀರಿಸಬೇಕಾಗಿದ್ದಿತು. ಬಡ್ಡಿಯನ್ನು ಬಾಯಲ್ಲಿ ಹೇಳದ ಇಂತಹ ಸಾಲವ್ಯವಸ್ಥೆಯನ್ನು ಬ್ಯಾಂಕಿನವರು ಇನ್ನೂ ಕಂಡುಹಿಡಿದಿಲ್ಲ.

ಪೇಟೆಯಲ್ಲಿ ಅಡುಗೆ ಭಟ್ಟರ ಕ್ರಮ ಬೇರೆಯಾಗಿದ್ದಿತು. ಭಟ್ಟರು ಸಾಮಾನಿನ ಪಟ್ಟಿ ಬರೆಸುವರು, ಯಜಮಾನನು ದಿನಸಿ ತಂದು ಸುರಿಯುವನು, ಅವರಿಗೆ ಸಲ್ಲುವುದು ಕೂಲಿ ಮಾತ್ರ. ತುಪ್ಪದ ಡಬ್ಬಗಳು ಪಟ್ಟಿಯಲ್ಲಿ ಒಂದೆರಡು ಹೆಚ್ಚಿರುವುದು ವಾಡಿಕೆಯಾಗಿದ್ದರೂ, ಉಳಿದುದು ಯಜಮಾನನದೇ ಆಗಿ, ಸಂಜೆಯ ಹೊತ್ತಿಗೆ ಅದು ಬೀದಿಯ ಮನೆಗಳಿಗೆಲ್ಲ ಹಂಚಿಹೋಗುತ್ತಿದ್ದಿತು. ಎರಡನೆಯ ಮಹಾಯುದ್ಧದ ಅಭಾವದಲ್ಲಿ, ಮಾವಳ್ಳಿ ಟಿಫಿನ್ ರೂಮಿನವರು ಅಕ್ಕಿಯನ್ನು ಬಿಟ್ಟು ರವೆಯಿಂದ ಇಡ್ಲಿ ಮಾಡಿದರೆಂಬ ಕಾಲದಲ್ಲಿ, ಇಂತಹ ಪಟ್ಟಿಗಳು ಗಿಡ್ಡವಾಗದೆ ಗತ್ಯಂತರವಿರಲಿಲ್ಲ.

ಕಲ್ಯಾಣಮಂಟಪಗಳು ಹೆಚ್ಚಿದ ಮೇಲೆ ದಿನಸಿ, ಪಾತ್ರೆ, ಬಡಿಸುವವರು ಎಲ್ಲವೂ ಗುತ್ತಿಗೆದಾರನ ಪಾಲಿಗೆ ಬಂದು, ಬೆಲೆಯು ಎಲೆಗೆ ಇಷ್ಟೆಂದು ಗೊತ್ತಾಯಿತು. ಐನೂರು ಎಲೆಗೆ ಮಾತುಕೊಟ್ಟು ನಾನೂರು ಜನ ಬಂದರೂ ಐನೂರರ ಹಣ ಸಲ್ಲಬೇಕು. ತಿನ್ನದ ಊಟಕ್ಕೂ ತೆತ್ತವನು ಯಜಮಾನನಾದರೂ, ಅಡುಗೆಮನೆಯಲ್ಲಿ ಉಳಿದುದರ ಮೇಲೆ ಅವನ ಮಾತು ನಡೆಯುವುದು ಅಪೂರ್ವ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ ಸುಮಾರು 943 ಟನ್ ಆಹಾರ ವ್ಯರ್ಥವಾಗುತ್ತದೆಂದು ಇಲ್ಲಿಯ ಕೃಷಿ ವಿಶ್ವವಿದ್ಯಾನಿಲಯವು 2012ರಲ್ಲಿ ಲೆಕ್ಕಹಾಕಿದುದನ್ನು ನೆನೆದರೆ, ಈ ಒಡೆತನದ ಪ್ರಶ್ನೆ ಸಣ್ಣದಲ್ಲ.

ಪಂಕ್ತಿಯೂಟಕ್ಕಿಂತ ಬಫೆ ಅಗ್ಗವೆಂಬ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ. ಬಡಿಸುವವರ ಸಂಖ್ಯೆ ತಗ್ಗುವುದು ನಿಜ. ಆದರೆ ಪಂಕ್ತಿಯಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದವನ ಕೈಯೇ ಮಿತಿಯನ್ನು ಕಾಯುತ್ತದೆ, ಬಫೆಯಲ್ಲಿ ಆ ಕೈ ಅತಿಥಿಯದಾಗಿ, ಅನ್ನ ಉಳಿದು ಸಿಹಿ ಮುಗಿಯುತ್ತದೆ. ಭಕ್ಷ್ಯಗಳ ಸಂಖ್ಯೆಯೂ ಏರುತ್ತದೆ. ಈ ವೆಚ್ಚದ ಲೆಕ್ಕದಲ್ಲಿ ಸರ್ಕಾರದ ಕೈಯೂ ಉಂಟು: 2016ರಲ್ಲಿ ರಾಜ್ಯ ಸರ್ಕಾರವು ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ತಟ್ಟೆ, ಲೋಟಗಳನ್ನೂ ನಿಷೇಧಿಸಿತು. 2019ರ ಅಕ್ಟೋಬರಿನಲ್ಲಿ ಊಟದ ಗುತ್ತಿಗೆಯ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ ಇಳಿಯಿತಾದರೂ, ದಿನಸಿಗೆ ತೆತ್ತ ತೆರಿಗೆಯನ್ನು ಮುರಿದುಕೊಳ್ಳುವ ಸೌಲಭ್ಯ ಅದರೊಡನೆ ಹೋಯಿತು.

ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಉಚಿತ ಸಾಮೂಹಿಕ ವಿವಾಹಗಳು, ಕುವೆಂಪು ಅವರ ಸರಳ ವಿವಾಹಕ್ರಮವಾದ ಮಂತ್ರಮಾಂಗಲ್ಯ, ಈ ವೆಚ್ಚದ ಬುಡಕ್ಕೇ ಕೈಹಾಕಿದುವು. ಆದರೆ ಮದುವೆಯ ನಂತರ ಬೀಗರಿಗೆ ಹಾಕುವ ಮಾಂಸದೂಟವಾದ ಮಾಗಡಿ ಸೀಮೆಯ ಬೀಗರೂಟವನ್ನು ಅವು ಅಲುಗಿಸಿದಂತೆ ತೋರುವುದಿಲ್ಲ. ಧಾರೆಯ ಊಟವನ್ನು ನಿಶ್ಚಿಂತೆಯಿಂದ ಗುತ್ತಿಗೆಗೆ ಒಪ್ಪಿಸಿದ ಮನೆಯವರಲ್ಲಿ ಎಷ್ಟೋ ಮಂದಿ ಈ ಬಾಡೂಟಕ್ಕೆ ಮಾತ್ರ ತಾವೇ ಸಂತೆಗೆ ಹೋಗಿ, ಕುರಿಗಳ ಬೆನ್ನು ಹಿಡಿದು ನೋಡಿ ಆರಿಸಿ, ಅಡುಗೆಯವನಿಗೂ ಮುದ್ದೆ ಕಟ್ಟುವವರಿಗೂ ಬೇರೆ ಬೇರೆ ಕೂಲಿ ಗೊತ್ತುಮಾಡುತ್ತಾರೆ.