ತಣ್ಣನೆಯ ಉಗ್ರಾಣ: ಹಮಾಲರ ಬೆನ್ನಿನಿಂದ ಯಂತ್ರದ ಕೈಗೆ



ನಮ್ಮ ಸಂಘವೂ ಒಂದು ಕೋಲ್ಡ್ ಸ್ಟೋರೇಜ್ ಕಟ್ಟಿಸಬೇಕು, ಅದೂ ಎಲ್ಲಾ ಯಂತ್ರದಿಂದಲೇ ನಡೆಯುವಂಥದ್ದು ಎಂಬ ಮಾತು ಕಟ್ಟೆಯ ಮೇಲೆ ಆಗಾಗ ಬರುತ್ತದೆ. ದುಡ್ಡು ಹಾಕುವ ಮೊದಲು ಅದರ ಪೂರ್ವೋತ್ತರ ತಿಳಿದಿರಲಿ.

1833ರಲ್ಲಿ ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಹಾದಿ, ಆದರೂ ಅರ್ಧಕ್ಕಿಂತ ಹೆಚ್ಚು ಕರಗದೆ ಉಳಿದಿತ್ತಂತೆ! ಮದ್ರಾಸಿನ ಐಸ್ ಹೌಸ್ 1842ರಲ್ಲಿ ಎದ್ದದ್ದು ಈ ವ್ಯಾಪಾರಕ್ಕೇ. 1897ರಲ್ಲಿ ಸ್ವಾಮಿ ವಿವೇಕಾನಂದರು ಇಳಿದುಕೊಂಡದ್ದೂ ಅದೇ ಕಟ್ಟಡದಲ್ಲಿ.

1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಲಿಂಡೆ ಅಮೋನಿಯಾ ಯಂತ್ರ ಮಾಡಿದ. ಅದೇ ಅಮೋನಿಯಾ ಇಂದಿಗೂ ದೊಡ್ಡ ಕೋಲ್ಡ್ ಸ್ಟೋರೇಜುಗಳಲ್ಲಿದೆ. ಕಂಪ್ರೆಸರ್ ಒತ್ತಿದ ಅನಿಲ ಹೊರಗೆ ತಣಿದು ದ್ರವವಾಗುತ್ತದೆ. ಒಳಗಿನ ಕೊಳವೆಯಲ್ಲಿ ಮತ್ತೆ ಆವಿಯಾಗುವಾಗ ಕೋಣೆಯ ಶಾಖ ಹೀರುತ್ತದೆ. ಇಷ್ಟೇ ಗುಟ್ಟು.

ಆದರೆ ಯಂತ್ರವನ್ನು ಯಾವಾಗ ಓಡಿಸಬೇಕು, ಯಾವಾಗ ನಿಲ್ಲಿಸಬೇಕು? ಇದಕ್ಕೆ ಉತ್ತರ ಶಾಲೆಯಿಂದ ಬಂತು. ಅಮೆರಿಕದ ವಾರೆನ್ ಜಾನ್ಸನ್ ಎಂಬ ಮೇಷ್ಟ್ರು, ಕೋಣೆಯ ಕಾವು ನೋಡಲು ಜವಾನ ಪದೇ ಪದೇ ತರಗತಿಗೆ ನುಗ್ಗುವುದು ಬೇಸರವಾಗಿ, ವಿದ್ಯುತ್ ಥರ್ಮೋಸ್ಟಾಟ್ ಮಾಡಿ 1883ರಲ್ಲಿ ಪೇಟೆಂಟ್ ಪಡೆದರು. ಬಿಸಿಗೆ ಹುಟ್ಟಿದ ಉಪಾಯವೇ ತಂಪಿಗೂ ಒದಗಿತು.

ಇದರ ಬೆಲೆ ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕೇಳಿ. ಜಲಂಧರದಿಂದ ಲಾರಿಯಲ್ಲಿ ಬಂದ ಬಿತ್ತನೆ ಗಡ್ಡೆಯನ್ನು 2ರಿಂದ 4 ಡಿಗ್ರಿಯಲ್ಲಿ ಇಡಬೇಕು. ಕಾವು ಏರಿದರೆ ಹೊತ್ತಿಗೆ ಮುಂಚೆ ಮೊಳಕೆ, ತೀರಾ ಇಳಿದರೆ ಗಡ್ಡೆ ಹೆಪ್ಪುಗಟ್ಟಿ ಹಾಳು. ಹಿಂದೆ ಆಪರೇಟರ್ ರಾತ್ರಿಯೆಲ್ಲಾ ಎದ್ದೆದ್ದು ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕಿತ್ತು. ಅವನಿಗೆ ಜೊಂಪು ಹತ್ತಿದರೆ ರೈತನ ಒಂದು ವರ್ಷ ಹೋಯಿತು. ಈಗ ಸೆನ್ಸಾರ್ ಕಾವು ಅಳೆದು ವಾಲ್ವ್ ತೆರೆಯುತ್ತದೆ, ಮುಚ್ಚುತ್ತದೆ, ತಪ್ಪಾದರೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಬ್ಯಾಡಗಿಯಲ್ಲಿ ದರ ಬಿದ್ದಾಗ ಮೆಣಸಿನಕಾಯಿ ಇಟ್ಟವರಿಗೂ ಇದೇ ಕಾವಲು. ಆ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ, ಬಣ್ಣ ಉಳಿಯುವುದು ತಂಪಿನಿಂದ.

ಇನ್ನು ಮಾಲು ಎತ್ತಿ ಇಡುವ ಯಂತ್ರ. 1962ರಲ್ಲಿ ಜರ್ಮನಿಯಲ್ಲಿ ಬರ್ಟೆಲ್ಸ್‌ಮನ್ ಎಂಬ ಪುಸ್ತಕ ಸಂಸ್ಥೆಗಾಗಿ ಹಳಿಯ ಮೇಲೆ ಓಡುವ ಕ್ರೇನಿನ ಎತ್ತರದ ಉಗ್ರಾಣ ಕಟ್ಟಿದರು. ಮೈನಸ್ 20 ಡಿಗ್ರಿಯಲ್ಲಿ ಐಸ್‌ಕ್ರೀಮ್, ಮೀನು ಇಡುವಲ್ಲಿ ಇದು ಸರಿಯೇ. ಅಲ್ಲಿ ಮನುಷ್ಯ ಹೆಚ್ಚು ಹೊತ್ತು ನಿಲ್ಲಲಾರ. ಆದರೆ ಕ್ರೇನಿಗೆ ಒಂದೇ ಅಳತೆಯ ಹಲಗೆ, ಒಂದೇ ಅಳತೆಯ ಪೆಟ್ಟಿಗೆ ಬೇಕು. ನಮ್ಮ ಗೋಣಿಚೀಲ ಒಂದು ಉಬ್ಬಿರುತ್ತದೆ, ಇನ್ನೊಂದು ಜೋತಿರುತ್ತದೆ. ಅದನ್ನು ಬೆನ್ನಿಗೆ ಹೊತ್ತು ಅಟ್ಟ ಹತ್ತುವ ಹಮಾಲರಿಗೆ ಅಳತೆ ಬೇಕಿಲ್ಲ, ಕೈಗೇ ಗೊತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಕಾವು ಕಾಯುವ ಯಂತ್ರ ಬೇಕೇ ಬೇಕು, ಕರೆಂಟ್ ಹೋದರೆ ಜನರೇಟರ್ ಬೇಕು, ಕ್ರೇನು ಸದ್ಯಕ್ಕೆ ಬೇಡ. ಅಮೋನಿಯಾ ಸೋರಿದರೆ ಕೂಗುವ ಗಂಟೆಗೆ ಮಾತ್ರ ಆಡಳಿತ ಮಂಡಳಿಯವರು ಖರ್ಚಿನ ಮುಖ ನೋಡಬಾರದು. ಚೀಲ ಹೊತ್ತು ಒಳಗೆ ಹೋಗುವವರು ನಮ್ಮ ಊರಿನ ಹುಡುಗರೇ.